ಮೊಳಕಾಲಿನ ಶಸ್ತ್ರವಿದ್ಯೆ ನಡೆದುಬಂದ ದಾರಿ

೧

ಶಾಸ್ತ್ರಗಳ ಇತಿಹಾಸವನ್ನು ಬರೆಯುವವರು ಹೊಸದನ್ನು ಕಂಡುಹಿಡಿದವರ ಹೆಸರುಗಳನ್ನು ಸಾಲಾಗಿ ಹೇಳಿ, ಅಜ್ಞಾನದಿಂದ ಜ್ಞಾನಕ್ಕೆ ಒಂದು ರಾಜಮಾರ್ಗವೇ ಹಾಕಿಟ್ಟಿತ್ತೆಂಬಂತೆ ವರ್ಣಿಸುವುದುಂಟು. ಆದರೆ ಯಾವುದೇ ಒಂದು ವಿದ್ಯೆಯ ಚರಿತ್ರೆಯನ್ನು ಸಮೀಪದಿಂದ ಪರಿಶೀಲಿಸಿದರೆ ಆ ಮಾರ್ಗವು ಅಷ್ಟು ನೇರವಾಗಿ ತೋರುವುದಿಲ್ಲ. ಒಬ್ಬರು ಮೊದಲೇ ಸರಿಯಾಗಿ ಮಾಡಿ ತೋರಿಸಿದುದನ್ನು ಅವರ ತರುವಾಯ ಬಂದವರು ಮರೆತುದೂ, ಮರೆತವರೇ ಗುರುಸ್ಥಾನದಲ್ಲಿ ಕುಳಿತು ತಮ್ಮ ತಪ್ಪನ್ನು ಶಿಷ್ಯರಿಗೆ ಶ್ರದ್ಧೆಯಿಂದ ಕಲಿಸಿದುದೂ, ಬಹುಕಾಲದ ಮೇಲೆ ಯಾರೋ ಒಬ್ಬರು ತಾಳ್ಮೆಯಿಂದ ಲೆಕ್ಕ ಹಾಕಿ ನೋಡಿ ಅದನ್ನು ತಿದ್ದಿದುದೂ ಉಂಟು. ಮೊಳಕಾಲಿನ ಶಸ್ತ್ರವೈದ್ಯದ ಚರಿತ್ರೆಯು ಇಂತಹುದು.

ಮೊಳಕಾಲಿನ ವಿಷಯವು ಸಾಹಿತ್ಯಪತ್ರಿಕೆಯ ವಾಚಕರಿಗೆ ಉಚಿತವೇ ಎಂದು ಕೆಲವರು ಕೇಳಬಹುದು. ಹಿರಿಯರಿರುವ ಮನೆಯಲ್ಲಿ ಈ ಪ್ರಶ್ನೆಯು ಹುಟ್ಟಲಾರದು. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಲಾರದೆ ಊಟಕ್ಕೆ ಕುರ್ಚಿಯನ್ನು ಬೇಡುವ ತಂದೆಯೋ, ಮಾಳಿಗೆಯ ಮೆಟ್ಟಿಲನ್ನು ಹತ್ತಲಾರದ ತಾಯಿಯೋ ಇಲ್ಲದ ಮನೆಗಳು ವಿರಳ. ಅದು ಹಾಗಿರಲಿ. ಕೈಕೆಲಸದಿಂದಲೇ ಸಾಧ್ಯವಾಗುವ ಒಂದು ವಿದ್ಯೆಯು ಗುರುವಿನಿಂದ ಶಿಷ್ಯನಿಗೆ ಹೇಗೆ ಇಳಿದುಬರುತ್ತದೆ, ವಿದ್ಯೆಯೊಡನೆ ತಪ್ಪೂ ಹೇಗೆ ಇಳಿದುಬರುತ್ತದೆ, ಆ ತಪ್ಪನ್ನು ತಿದ್ದುವ ಉಪಾಯವೇನು ಎಂಬ ಪ್ರಶ್ನೆಗಳು ವೈದ್ಯರಿಗೆ ಮಾತ್ರ ಸಂಬಂಧಿಸಿದುವಲ್ಲ. ಕಲಿಯುವ ಕಲಿಸುವ ಎಲ್ಲರಿಗೂ ಸೇರಿದುವು. ಆದುದರಿಂದ ಈ ಚರಿತ್ರೆಯನ್ನು ಸಂಗ್ರಹವಾಗಿ ಹೇಳಲು ಇಲ್ಲಿ ಪ್ರಯತ್ನಿಸಿದೆ.

೨

ಮೊದಲು ಮೊಳಕಾಲಿನ ರಚನೆಯನ್ನು ಸ್ವಲ್ಪದಲ್ಲಿ ತಿಳಿದುಕೊಳ್ಳಬೇಕು. ತೊಡೆಯ ಎಲುಬಿನ ಕೆಳತುದಿಯು ಎರಡು ಗುಂಡುಗಳಂತೆ ಉಬ್ಬಿಕೊಂಡಿದೆ. ಅದರ ಕೆಳಗಿರುವ ಎಲುಬಿನ ತಲೆಯಾದರೋ ಹೆಚ್ಚುಕಡಿಮೆ ಚಪ್ಪಟೆಯಾಗಿದೆ. ಗುಂಡನೆಯ ವಸ್ತುವನ್ನು ಚಪ್ಪಟೆಯಾದುದರ ಮೇಲೆ ಇಟ್ಟರೆ ಭಾರವೆಲ್ಲವೂ ಒಂದೇ ಬಿಂದುವಿನ ಮೇಲೆ ಬೀಳುವುದು, ವಸ್ತುವೂ ನಿಲ್ಲಲಾರದು. ನಮ್ಮ ಮನೆಗಳಲ್ಲಿ ಗುಂಡು ತಳದ ಕೊಡವು ಉರುಳದಿರಲೆಂದು ಅದರ ಕೆಳಗೆ ಸಿಂಬಿಯನ್ನು ಇಡುವ ವಾಡಿಕೆಯುಂಟಷ್ಟೆ. ಪ್ರಕೃತಿಯೂ ಮೊಳಕಾಲಿನಲ್ಲಿ ಅದೇ ಉಪಾಯವನ್ನು ಮಾಡಿದೆ. ಒಳಮಗ್ಗುಲಿಗೆ ಒಂದು, ಹೊರಮಗ್ಗುಲಿಗೆ ಒಂದು, ಹೀಗೆ ಎರಡು ಮೆತ್ತೆಗಳು ಬಾಲಚಂದ್ರನ ಆಕಾರದಲ್ಲಿ ಆ ಗುಂಡುಗಳ ಕೆಳಗೆ ಬಾಗಿಕೊಂಡಿವೆ. ಹೊರ ಅಂಚಿನಲ್ಲಿ ದಪ್ಪವಾಗಿಯೂ ಒಳ ಅಂಚಿನಲ್ಲಿ ತೆಳುವಾಗಿಯೂ ಇರುವ ಈ ಮೆತ್ತೆಗಳು ಎಲುಬಲ್ಲ, ಮಾಂಸವಲ್ಲ; ಬಿಗಿಯಾದ ನಾರುಗಳಿಂದ ಹೆಣೆದ ಮೃದ್ವಸ್ಥಿ. ವೈದ್ಯರು ಇವನ್ನು ಮೆನಿಸ್ಕಸ್ಸುಗಳೆಂದು ಕರೆಯುವರು. ಈ ಲೇಖನದಲ್ಲಿ ಮೆತ್ತೆಯೆಂದೇ ಹೇಳುವೆವು.

ಕಾಲು ನೆಲಕ್ಕೆ ಊರಿದ್ದು ಮೈ ಫಕ್ಕನೆ ತಿರುಗಿದರೆ ಈ ಮೆತ್ತೆಯು ಎರಡು ಎಲುಬುಗಳ ನಡುವೆ ಸಿಕ್ಕಿ ಹರಿಯಬಹುದು. ಹರಿದ ತುಂಡು ಕೀಲಿನಲ್ಲಿ ಸಿಕ್ಕಿಕೊಂಡರೆ ಮೊಳಕಾಲು ಬಾಗಿದಲ್ಲಿಯೇ ನಿಂತುಬಿಡುವುದು. ಬಾಗಿಲ ಸಂದಿಯಲ್ಲಿ ಕಡ್ಡಿ ಸಿಕ್ಕಿದಂತೆ. ಇಂಗ್ಲೆಂಡಿನ ಲೀಡ್ಸ್ ನಗರದ ವಿಲಿಯಂ ಹೇ ಎಂಬ ಶಸ್ತ್ರವೈದ್ಯರು ೧೮೦೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ತೊಂದರೆಯನ್ನು ಮೊಳಕಾಲಿನ ಒಳಗಣ ಅಸ್ತವ್ಯಸ್ತವೆಂದು ಹೆಸರಿಸಿ ವಿವರಿಸಿದರು. ಕಾಲನ್ನು ಯುಕ್ತಿಯಿಂದ ಬಗ್ಗಿಸಿ ಚಾಚಿ ಸಿಕ್ಕು ಬಿಡಿಸುವುದೇ ಆಗಿನ ಚಿಕಿತ್ಸೆ. ಕೀಲನ್ನು ಕೊಯ್ದು ತೆರೆಯುವ ಮಾತೇ ಇರಲಿಲ್ಲ. ಏಕೆಂದರೆ ತೆರೆದ ಕೀಲು ಕೀವುಗಟ್ಟಿ, ರೋಗಿಯು ಕಾಲನ್ನೋ ಪ್ರಾಣವನ್ನೋ ಕಳೆದುಕೊಳ್ಳುವುದು ಬಹುಮಟ್ಟಿಗೆ ಸಿದ್ಧವಾಗಿತ್ತು.

೩

ಈ ಭಯವನ್ನು ಕಳೆದವರು ಜೋಸೆಫ್ ಲಿಸ್ಟರ್. ಗಾಯವನ್ನೂ ಉಪಕರಣಗಳನ್ನೂ ಕಾರ್ಬಾಲಿಕ್ ಆಮ್ಲದಿಂದ ಶುದ್ಧಗೊಳಿಸಿ ಕೀವನ್ನು ತಡೆಯಬಹುದೆಂದು ಅವರು ೧೮೬೭ರಲ್ಲಿ ತೋರಿಸಿಕೊಟ್ಟರು. ಅವರು ಎಡಿನ್‌ಬರೊ ನಗರದ ಪ್ರಾಧ್ಯಾಪಕಸ್ಥಾನವನ್ನು ಬಿಟ್ಟು ಲಂಡನ್ನಿಗೆ ಹೋದಾಗ ಆ ಪೀಠಕ್ಕೆ ಬಂದವರು ಥಾಮಸ್ ಆನಂಡೇಲ್. ೧೮೮೩ರ ನವೆಂಬರ್ ತಿಂಗಳಲ್ಲಿ ಆನಂಡೇಲರ ಬಳಿಗೆ ಗಣಿಯ ಕೆಲಸಗಾರನೊಬ್ಬನು ಬಂದನು. ಮೊಳಕಾಲೂರಿ ಕಲ್ಲಿದ್ದಲನ್ನು ಅಗೆಯುವವರಿಗೆ ಈ ರೋಗವು ಹೆಚ್ಚು. ಆನಂಡೇಲರು ಅವನ ಕೀಲನ್ನು ತೆರೆದು, ಒಳಮಗ್ಗುಲಿನ ಮೆತ್ತೆಯು ಮುಂಭಾಗದಲ್ಲಿ ಕಿತ್ತುಕೊಂಡು ಹಿಂದಕ್ಕೆ ಸರಿದಿರುವುದನ್ನು ಕಂಡು, ಅದನ್ನು ಮುಂದಕ್ಕೆ ಎಳೆದು, ಪ್ರಾಣಿಯ ಕರುಳಿನಿಂದ ಮಾಡಿದ ದಾರದಿಂದ ಅದರ ಸ್ವಸ್ಥಾನದಲ್ಲಿ ಹೊಲಿದರು. ಗಾಯವು ಕೀವಿಲ್ಲದೆ ಮಾಯ್ದಿತು. ಈ ವೃತ್ತಾಂತವನ್ನು ಅವರು ೧೮೮೫ರಲ್ಲಿ ಪ್ರಕಟಿಸಿದರು.

ಹರಿದ ಮೆತ್ತೆಗೆ ಮಾಡಿದ ಪ್ರಸಿದ್ಧವಾದ ಮೊದಲನೆಯ ಶಸ್ತ್ರಕ್ರಿಯೆಯು ಕೊಯ್ದು ಬಿಸಾಡುವ ಕ್ರಿಯೆಯಲ್ಲ, ಹೊಲಿದು ಉಳಿಸುವ ಕ್ರಿಯೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಬಂದ ಕಾಲದಲ್ಲಿ ಈ ದಾರಿಯು ಹುಲ್ಲು ಬೆಳೆದು ಮುಚ್ಚಿಹೋಯಿತು.

ಅದು ಹೀಗಾಯಿತು. ಆಗಿನ ಕಾಲದಲ್ಲಿ ಡಾರ್ವಿನ್ನನ ವಿಕಾಸವಾದವು ಅಂಗರಚನಾಶಾಸ್ತ್ರಜ್ಞರ ಮನಸ್ಸನ್ನು ಸೆರೆಹಿಡಿದಿತ್ತು. ಉಪಯೋಗವು ಕೂಡಲೇ ತೋರದ ಅವಯವಗಳನ್ನು ಪೂರ್ವಜಂತುಗಳಿಂದ ಬಂದ ಅವಶೇಷಗಳೆಂದು ಹೇಳುವುದು ವಾಡಿಕೆಯಾಯಿತು. ಲಂಡನ್ನಿನ ಜಾನ್ ಬ್ಲಾಂಡ್-ಸಟನ್ ಎಂಬ ಶಸ್ತ್ರವೈದ್ಯರು ಕೀಲುಗಳ ಕಟ್ಟುಗಳನ್ನು ಕುರಿತ ತಮ್ಮ ಗ್ರಂಥದಲ್ಲಿ, ಮೊಳಕಾಲಿನ ಮೆತ್ತೆಗಳು ಕಾಲಿನ ಮಾಂಸಖಂಡಗಳ ನಿರುಪಯುಕ್ತವಾದ ಅವಶೇಷಗಳೆಂದು ೧೮೯೭ರಲ್ಲಿ ಬರೆದರು. ಇದು ಒಂದು ಊಹೆ. ಅದನ್ನು ಪ್ರಯೋಗದಿಂದ ಪರೀಕ್ಷಿಸಿದವರು ಯಾರೂ ಇರಲಿಲ್ಲ. ಆದರೆ ಊಹೆಯು ದೊಡ್ಡವರ ಬಾಯಿಂದ ಬಂದರೆ ಸಿದ್ಧಾಂತದ ವೇಷವನ್ನು ಹಾಕಿಕೊಳ್ಳಲು ತಡವಾಗುವುದಿಲ್ಲ. ನಿರುಪಯುಕ್ತವಾದುದು ಹರಿದರೆ ಹೊಲಿಯುವುದೇಕೆ? ಪೂರ್ತಿಯಾಗಿ ಕಿತ್ತುಹಾಕುವುದೇ ಸರಿ ಎಂಬ ಮತವು ಶಸ್ತ್ರವೈದ್ಯರಲ್ಲಿ ಬಲವಾಯಿತು.

೪

ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಗಣಿಗಳಲ್ಲಿ ದುಡಿಯುವವರೂ ಕಾಲ್ಚೆಂಡಾಟಗಾರರೂ ಸಿಪಾಯಿಗಳೂ ಸಾವಿರಗಟ್ಟಲೆಯಾಗಿ ಈ ಶಸ್ತ್ರಕ್ರಿಯೆಗೆ ಒಳಗಾದರು. ಸ್ಕಾಟ್ಲೆಂಡಿನ ಡಂಡೀ ನಗರದ ಇಯಾನ್ ಸ್ಮಿಲ್ಲಿ ಎಂಬವರು ಸಾವಿರಾರು ಮೆತ್ತೆಗಳನ್ನು ತೆಗೆದ ಅನುಭವದಿಂದ ಮೊಳಕಾಲಿನ ಅಪಘಾತಗಳನ್ನು ಕುರಿತು ೧೯೪೬ರಲ್ಲಿ ಒಂದು ಗ್ರಂಥವನ್ನು ಬರೆದರು. ಮೆತ್ತೆಯನ್ನು ಕೊಯ್ಯುವುದಕ್ಕೆಂದೇ ವಿಶೇಷವಾದ ಚಾಕುಗಳನ್ನು ರಚಿಸಿದರು. ಅವರ ಗ್ರಂಥವು ಬಹುಕಾಲ ಪ್ರಮಾಣವಾಗಿತ್ತು. ಹರಿದ ಮೆತ್ತೆಯನ್ನು ಅಂಚಿನವರೆಗೆ ಸಮಗ್ರವಾಗಿ ತೆಗೆಯಬೇಕು, ತುಂಡನ್ನು ಉಳಿಸಿದರೆ ಅದು ಮತ್ತೆ ಪೀಡಿಸುವುದು, ಪೂರ್ತಿ ತೆಗೆದರೆ ಅದರ ಸ್ಥಳದಲ್ಲಿ ಹೊಸ ನಾರಿನ ಪದರವು ಬೆಳೆಯುವುದು ಎಂಬುದು ಆ ಪಂಥದ ಬೋಧೆ.

ಈ ವೈದ್ಯರು ಅಜಾಗರೂಕರಾಗಿದ್ದರೆಂದಾಗಲಿ ಧನಲೋಭಿಗಳಾಗಿದ್ದರೆಂದಾಗಲಿ ಹೇಳುವುದು ಅನ್ಯಾಯ. ಅವರು ಕಣ್ಣಾರೆ ಕಂಡದ್ದನ್ನೇ ನಂಬಿದರು. ಸಿಕ್ಕಿಕೊಂಡ ಕಾಲನ್ನು ಎಳೆದುಕೊಂಡು ಬಂದ ತರುಣನು ಕೆಲವು ವಾರಗಳಲ್ಲಿ ನೆಟ್ಟಗೆ ನಡೆದು ಮನೆಗೆ ಹೋಗುತ್ತಿದ್ದನು. ಕೆಲವು ತಿಂಗಳುಗಳಲ್ಲಿ ಗಣಿಗೆ ಇಳಿಯುತ್ತಿದ್ದನು, ಚೆಂಡನ್ನು ಒದೆಯುತ್ತಿದ್ದನು. ಇದಕ್ಕಿಂತ ಹೆಚ್ಚಿನ ಪ್ರಮಾಣವು ಯಾರಿಗೆ ಬೇಕು? ಪಕ್ಕದಲ್ಲಿ ನಿಂತು ನೋಡಿದ ಶಿಷ್ಯನೂ ಇದನ್ನೇ ಕಂಡು, ಇದನ್ನೇ ಕಲಿತು, ತಾನು ಗುರುವಾದಾಗ ಇದನ್ನೇ ಕಲಿಸಿದನು. ಆ ತರುಣನ ಮೊಳಕಾಲು ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಸವೆದು, ನೋವಿನಿಂದ ಬಿಗಿದುಕೊಂಡಾಗ ಅವನು ಹಳೆಯ ವೈದ್ಯರ ಬಳಿಗೆ ಬರುತ್ತಿರಲಿಲ್ಲ. ಬೇರೆ ಊರಿನ ಬೇರೆ ವೈದ್ಯರ ಬಳಿಗೆ ಹೋಗುತ್ತಿದ್ದನು; ಇಲ್ಲವೆ ವಯಸ್ಸಿನ ದೋಷವೆಂದು ಸುಮ್ಮನಿರುತ್ತಿದ್ದನು. ಸಸಿಯನ್ನು ನೆಟ್ಟವನು ಒಬ್ಬ, ಕಹಿಯಾದ ಹಣ್ಣನ್ನು ತಿಂದವನು ಇನ್ನೊಬ್ಬ. ಆದಕಾರಣ ತಪ್ಪು ಮಾಡಿದ ಕೈಗೆ ತಪ್ಪು ಮಾಡಿದೆನೆಂಬುದು ತಿಳಿಯಲೇ ಇಲ್ಲ.

೫

ಸಂಶಯದ ಮೊದಲ ದನಿಯು ಅಮೇರಿಕದಿಂದ ಬಂದಿತು. ಡಾನ್ ಕಿಂಗ್ ಎಂಬವರು ನಾಯಿಗಳ ಮೊಳಕಾಲುಗಳ ಮೇಲೆ ಪ್ರಯೋಗಗಳನ್ನು ಮಾಡಿ ೧೯೩೬ರಲ್ಲಿ ಎರಡು ಸಂಗತಿಗಳನ್ನು ಪ್ರಕಟಿಸಿದರು. ಮೆತ್ತೆಯನ್ನು ಎಷ್ಟು ಹೆಚ್ಚಾಗಿ ತೆಗೆದರೆ ಎಲುಬಿನ ತುದಿಯ ನಯವಾದ ಹೊದಿಕೆಯು ಅಷ್ಟು ಹೆಚ್ಚಾಗಿ ಕೆಡುವುದೆಂಬುದು ಒಂದು. ರಕ್ತವು ಹರಿಯುವ ಹೊರ ಅಂಚನ್ನು ಮುಟ್ಟುವ ಹರಕು ತಾನಾಗಿಯೇ ಮಾಯಬಲ್ಲುದೆಂಬುದು ಇನ್ನೊಂದು. ಆದರೆ ನಾಯಿಯ ಕಾಲಿನ ಮಾತನ್ನು ಮನುಷ್ಯನ ಕಾಲಿಗೆ ಅನ್ವಯಿಸಲು ಬಹುಮಂದಿ ಒಪ್ಪಲಿಲ್ಲ.

ಮನುಷ್ಯನ ಕಾಲಿನಿಂದಲೇ ಸಾಕ್ಷ್ಯವನ್ನು ತಂದವರು ಇಂಗ್ಲೆಂಡಿನ ಟಿ. ಜೆ. ಫೇರ್‌ಬ್ಯಾಂಕ್. ಅವರು ಮಾಡಿದ ಕೆಲಸವು ಹೊರಗಿನಿಂದ ನೋಡುವವರಿಗೆ ಬಹು ಸಾಮಾನ್ಯವೆಂದು ತೋರಬಹುದು. ಮೆತ್ತೆಯನ್ನು ತೆಗೆಸಿಕೊಂಡಿದ್ದ ೧೦೭ ರೋಗಿಗಳನ್ನು ಮತ್ತೆ ಕರೆಸಿದರು. ಕೆಲವರಿಗೆ ಶಸ್ತ್ರಕ್ರಿಯೆಯಾಗಿ ತಿಂಗಳುಗಳು ಮಾತ್ರ ಕಳೆದಿದ್ದುವು. ಕೆಲವರಿಗೆ ಹದಿನಾಲ್ಕು ವರ್ಷಗಳಾಗಿದ್ದುವು. ಅವರ ಮೊಳಕಾಲುಗಳ ಎಕ್ಸ್-ರೇ ಚಿತ್ರಗಳನ್ನು ತೆಗೆದು, ಕೊಯ್ದ ಕಾಲನ್ನು ಕೊಯ್ಯದ ಕಾಲಿನೊಡನೆ ಹೋಲಿಸಿ ನೋಡಿದರು. ಮೆತ್ತೆಯಿಲ್ಲದ ಮಗ್ಗುಲಲ್ಲಿ ತೊಡೆಯೆಲುಬಿನ ಅಂಚಿನಲ್ಲಿ ಒಂದು ದಿಂಡು ಬೆಳೆದಿತ್ತು. ಗುಂಡಾಗಿರಬೇಕಾದ ಭಾಗವು ಚಪ್ಪಟೆಯಾಗಿತ್ತು. ಎರಡು ಎಲುಬುಗಳ ನಡುವಣ ಅಂತರವು ಕಿರಿದಾಗಿತ್ತು. ಸಿಂಬಿಯನ್ನು ಎಳೆದುಹಾಕಿದ ಮೇಲೆ ಕೊಡದ ಭಾರವೆಲ್ಲವೂ ತಳದ ಒಂದೇ ಸ್ಥಳಕ್ಕೆ ಬಿದ್ದು ಅದು ಸವೆಯುವಂತೆ ಆಗಿತ್ತು. ಮೆತ್ತೆಗೆ ಭಾರ ಹೊರುವ ಕೆಲಸವುಂಟು, ಅದನ್ನು ತೆಗೆಯುವುದು ಪೂರ್ತಿಯಾಗಿ ನಿರಪಾಯವಲ್ಲ ಎಂದು ಫೇರ್‌ಬ್ಯಾಂಕರು ೧೯೪೮ರಲ್ಲಿ ಸೌಮ್ಯವಾದ ಮಾತುಗಳಲ್ಲಿ ತಿಳಿಸಿದರು.

ಸೌಮ್ಯವಾದ ಮಾತು ಬೇಗ ಕೇಳಿಸುವುದಿಲ್ಲ. ಸಮಗ್ರವಾಗಿ ತೆಗೆಯುವ ಪದ್ಧತಿಯು ಮತ್ತೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. ಕೈಗೆ ಹತ್ತಿದ ಅಭ್ಯಾಸವನ್ನು ಒಂದು ಲೇಖನವು ಬಿಡಿಸಲಾರದು. ಜೊತೆಗೆ ಇನ್ನೊಂದು ಅಡ್ಡಿಯೂ ಇತ್ತು. ಕೀಲನ್ನು ಕೊಯ್ದು ತೆರೆದರೂ ಮೆತ್ತೆಯ ಹಿಂಭಾಗವು ಕಣ್ಣಿಗೆ ಬೀಳುವುದಿಲ್ಲ. ಕಾಣದ ಕಡೆ ಹರಿದ ತುಂಡನ್ನು ಮಾತ್ರ ತೆಗೆದು ಒಳ್ಳೆಯದನ್ನು ಉಳಿಸುವುದು ಹೇಗೆ? ಉಳಿಸಬೇಕೆಂಬ ಬುದ್ಧಿ ಬಂದರೂ ಉಳಿಸುವ ಸಾಧನವು ಬೇಕಾಗಿತ್ತು. ಅದು ಬಂದುದು ಪೂರ್ವದಿಕ್ಕಿನಿಂದ.

೬

ಕೀಲಿನೊಳಕ್ಕೆ ನಳಿಗೆಯನ್ನು ತೂರಿಸಿ ನೋಡುವ ಯೋಚನೆಯು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹಲವು ದೇಶಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿತು. ಡೆನ್ಮಾರ್ಕಿನ ನಾರ್ಡೆಂಟೋಫ್ಟ್ ಎಂಬವರು ೧೯೧೨ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯರ ಸಭೆಯಲ್ಲಿ ಅಂತಹ ಒಂದು ನಳಿಗೆಯನ್ನು ವರ್ಣಿಸಿದರು. ಸ್ವಿಟ್ಜರ್ಲೆಂಡಿನ ಆರಾವ್ ಪಟ್ಟಣದ ಓಯ್ಗೆನ್ ಬಿರ್ಖರ್ ಎಂಬವರು ಕೀಲಿನಲ್ಲಿ ವಾಯುವನ್ನು ತುಂಬಿ ನೋಡಿ ೧೯೨೧ರಲ್ಲಿ ವರದಿ ಮಾಡಿದರು. ಹತ್ತು ವರ್ಷಗಳೊಳಗೆ ಕೈಬಿಟ್ಟರು. ನ್ಯೂಯಾರ್ಕಿನ ಮೈಕೇಲ್ ಬರ್ಮನ್ ೧೯೩೧ರಲ್ಲಿ ಶವಗಳ ಕೀಲುಗಳನ್ನು ಪರೀಕ್ಷಿಸಿ ಬರೆದರು. ಇವರ ಕೆಲಸವನ್ನು ಮುಂದುವರಿಸುವ ಶಿಷ್ಯಪರಂಪರೆಯು ಬೆಳೆಯಲಿಲ್ಲ. ಬಿತ್ತಿದ ಬೀಜವು ಬಂಡೆಯ ಮೇಲೆ ಬಿದ್ದಂತಾಯಿತು.

ಜಪಾನಿನಲ್ಲಿ ಹಾಗಾಗಲಿಲ್ಲ. ಟೋಕಿಯೋ ವಿಶ್ವವಿದ್ಯಾನಿಲಯದ ಕೆಂಜಿ ತಕಾಗಿ ಎಂಬವರು ೧೯೧೮ರಲ್ಲಿ, ಮೂತ್ರಕೋಶವನ್ನು ನೋಡುವ ನಳಿಗೆಯಿಂದಲೇ ಶವದ ಮೊಳಕಾಲಿನ ಒಳಭಾಗವನ್ನು ನೋಡಿದರು. ಅವರನ್ನು ಪ್ರೇರಿಸಿದ ಕಾರಣವನ್ನು ನಮ್ಮವರು ಸುಲಭವಾಗಿ ಊಹಿಸಬಲ್ಲರು. ಆ ಕಾಲದಲ್ಲಿ ಕ್ಷಯವು ಮೊಳಕಾಲಿಗೆ ತಗಲಿ ಅದನ್ನು ಕೋಲಿನಂತೆ ಬಿಗಿಗೊಳಿಸುತ್ತಿತ್ತು. ಕುರ್ಚಿಯ ಮೇಲೆ ಕುಳಿತುಕೊಳ್ಳುವ ದೇಶದಲ್ಲಿ ಬಿಗಿದ ಮೊಳಕಾಲು ಒಂದು ಊನ. ನೆಲದ ಮೇಲೆ ಕಾಲು ಮಡಿಸಿ ಕುಳಿತುಕೊಂಡು ಉಣ್ಣುವ, ಅತಿಥಿಯನ್ನು ಸತ್ಕರಿಸುವ, ದೇವರಿಗೆ ನಮಿಸುವ ದೇಶದಲ್ಲಿ ಅದು ಬಾಳಿನಿಂದಲೇ ಬಹಿಷ್ಕಾರ. ಕೀಲು ಕೆಡುವ ಮೊದಲೇ ರೋಗವನ್ನು ಕಂಡುಹಿಡಿಯಬೇಕೆಂಬುದು ತಕಾಗಿಯವರ ಹಂಬಲ. ಅವರು ೧೯೨೦ರಲ್ಲಿ ಮಾಡಿಸಿದ ನಳಿಗೆಯು ೭.೩ ಮಿಲಿಮೀಟರು ದಪ್ಪವಿದ್ದು ಬಳಕೆಗೆ ಅನುಕೂಲವಾಗಲಿಲ್ಲ. ೧೯೩೧ರ ಹೊತ್ತಿಗೆ ಅದನ್ನು ೩.೫ ಮಿಲಿಮೀಟರಿಗೆ ಇಳಿಸಿದರು. ಕೀಲಿನಲ್ಲಿ ಉಪ್ಪುನೀರನ್ನು ತುಂಬಿ ಉಬ್ಬಿಸಿ ನೋಡುವ ಕ್ರಮವನ್ನೂ ರೂಢಿಗೆ ತಂದರು. ಒಂದರ ಮೇಲೊಂದು ನಳಿಗೆಯನ್ನು ಮಾಡಿಸಿ, ಪ್ರತಿಯೊಂದಕ್ಕೂ ಕ್ರಮಸಂಖ್ಯೆಯನ್ನು ಕೊಡುತ್ತ ಬಂದರು.

ಮಹಾಯುದ್ಧವು ಈ ಕೆಲಸವನ್ನು ತಡೆಯಿತು. ಯುದ್ಧಾನಂತರ ಗುರುವಿನ ಎಳೆಯನ್ನು ಕೈಗೆ ತೆಗೆದುಕೊಂಡವರು ಶಿಷ್ಯರಾದ ಮಸಾಕಿ ವಾತನಾಬೆ. ಅವರು ಟೋಕಿಯೋ ನಗರದಲ್ಲಿ ಅಂಚೆ-ತಂತಿ ಇಲಾಖೆಯ ನೌಕರರಿಗಾಗಿ ಇದ್ದ ತೇಷಿನ್ ಆಸ್ಪತ್ರೆಯಲ್ಲಿ ಕೆಲಸಮಾಡುತ್ತಿದ್ದರು. ತಕಾಗಿಯವರ ಕ್ರಮಸಂಖ್ಯೆಗಳನ್ನು ಅವರು ಮುಂದುವರಿಸಿದರೆಂಬುದು ಗಮನಿಸತಕ್ಕ ಮಾತು. ತಮ್ಮದು ಹೊಸ ಶೋಧವೆಂದು ಹೊಸದಾಗಿ ಎಣಿಸಲು ತೊಡಗಲಿಲ್ಲ. ಇಪ್ಪತ್ತೊಂದನೆಯ ಸಂಖ್ಯೆಯ ನಳಿಗೆಯು ೧೯೫೦ರ ದಶಕದ ಕೊನೆಯಲ್ಲಿ ಸಿದ್ಧವಾಯಿತು. ಅದರ ದೃಷ್ಟಿಯು ವಿಶಾಲವಾಗಿಯೂ ಸ್ಪಷ್ಟವಾಗಿಯೂ ಇತ್ತು. ತುದಿಯಲ್ಲಿದ್ದ ಸಣ್ಣ ದೀಪವು ಕೀಲಿನೊಳಗೆ ಒಡೆಯಬಹುದಾಗಿದ್ದುದು ಒಂದು ದೋಷ. ಆದರೂ ಲೋಕವೆಲ್ಲವೂ ಮೊಳಕಾಲಿನ ಒಳಭಾಗವನ್ನು ನೋಡಿದುದು ಮೊದಲು ಈ ಸಂಧಿದರ್ಶಕದಿಂದಲೇ. ೧೯೫೭ರಲ್ಲಿ ವಾತನಾಬೆಯವರು ತಮ್ಮ ಇಬ್ಬರು ಸಹೋದ್ಯೋಗಿಗಳೊಡನೆ ಕೀಲಿನ ಒಳನೋಟದ ಚಿತ್ರಸಂಪುಟವೊಂದನ್ನು ಪ್ರಕಟಿಸಿದರು. ಆಗಿನ ಫೋಟೋ ಚಿತ್ರಗಳು ಸಾಲದಾಗಿ, ಚಿತ್ರಕಾರರೊಬ್ಬರಿಂದ ವರ್ಣಚಿತ್ರಗಳನ್ನು ಬರೆಸಿದ್ದರು.

೧೯೬೨ರ ಮೇ ೪ರಂದು, ಬ್ಯಾಸ್ಕೆಟ್ ಬಾಲ್ ಆಟದಲ್ಲಿ ಮೊಳಕಾಲನ್ನು ತಿರುಚಿಕೊಂಡಿದ್ದ ಹದಿನೇಳು ವಯಸ್ಸಿನ ಹುಡುಗನೊಬ್ಬನ ಮೆತ್ತೆಯ ಹರಿದ ತುಂಡನ್ನು ಮಾತ್ರ ಅವರು ಈ ನಳಿಗೆಯಿಂದ ನೋಡುತ್ತ, ಕಿರಿದಾದ ರಂಧ್ರದ ಮೂಲಕ ಕತ್ತರಿಸಿ ತೆಗೆದರು. ಉಳಿದ ಮೆತ್ತೆಯು ತನ್ನ ಸ್ಥಳದಲ್ಲಿಯೇ ಉಳಿಯಿತು. ಫೇರ್‌ಬ್ಯಾಂಕರ ಎಚ್ಚರಿಕೆಗೆ ತಕ್ಕ ಸಾಧನವು ಹೀಗೆ ದೊರೆಯಿತು. ೧೯೬೯ರಲ್ಲಿ ಅವರ ಸಹೋದ್ಯೋಗಿ ಹಿರೋಷಿ ಇಕೆಉಚಿಯವರು ಹರಿದ ಮೆತ್ತೆಯನ್ನು ಸಂಧಿದರ್ಶಕದ ಮೂಲಕವೇ ಹೊಲಿದರು. ಆನಂಡೇಲರ ಹೊಲಿಗೆಯಿಂದ ಅಲ್ಲಿಗೆ ಎಂಬತ್ತಾರು ವರ್ಷಗಳು ಕಳೆದಿದ್ದುವು.

೭

ದೇಶ ಸುತ್ತು ಕೋಶ ಓದು ಎಂಬ ಗಾದೆಯು ನಮ್ಮಲ್ಲಿದೆ. ಕೋಶವನ್ನು ಮಾತ್ರ ಓದಿದ್ದರೆ ಈ ವಿದ್ಯೆಯು ಜಪಾನನ್ನು ಬಿಟ್ಟು ಹೊರಡುತ್ತಿತ್ತೋ ಇಲ್ಲವೋ ಹೇಳಲಾಗದು. ಕೆನಡಾ ದೇಶದ ಟೊರಾಂಟೋ ನಗರದ ರಾಬರ್ಟ್ ಜ್ಯಾಕ್ಸನ್ ಎಂಬ ತರುಣ ವೈದ್ಯರು ೧೯೬೪ರಲ್ಲಿ ಬೇರೊಂದು ವಿಷಯದ ವ್ಯಾಸಂಗಕ್ಕಾಗಿ ಟೋಕಿಯೋಗೆ ಬಂದಿದ್ದರು. ಆ ವರ್ಷದ ಒಲಿಂಪಿಕ್ ಕ್ರೀಡೆಗಳಲ್ಲಿ ತಮ್ಮ ದೇಶದ ತಂಡಕ್ಕೆ ವೈದ್ಯರೂ ಆಗಿದ್ದರು. ವಾತನಾಬೆಯವರ ಕೆಲಸವನ್ನು ಕೇಳಿ ಅವರನ್ನು ಹುಡುಕಿಕೊಂಡು ಹೋದರು. ಗುರುವಿಗೆ ಇಂಗ್ಲಿಷು ಅಷ್ಟಾಗಿ ಬಾರದು; ಶಿಷ್ಯನಿಗೆ ಸಂಧಿದರ್ಶಕದ ವಿದ್ಯೆಯು ತಿಳಿಯದು. ಇವರು ಅವರಿಗೆ ಇಂಗ್ಲಿಷನ್ನು ಹೇಳಿಕೊಟ್ಟರು. ಅವರು ಇವರಿಗೆ ಕೀಲಿನ ಒಳಭಾಗವನ್ನು ತೋರಿಸಿಕೊಟ್ಟರು. ವಿದ್ಯೆಗೆ ವಿದ್ಯೆಯೇ ದಕ್ಷಿಣೆಯಾಯಿತು.

ಜ್ಯಾಕ್ಸನ್ನರು ಇಪ್ಪತ್ತೊಂದನೆಯ ಸಂಖ್ಯೆಯ ನಳಿಗೆಯೊಂದನ್ನು ಟೊರಾಂಟೋಗೆ ಒಯ್ದರು. ಬೀಗದ ಕಿಂಡಿಯಿಂದ ಇಣಿಕಿ ನೋಡುವುದು ಶಸ್ತ್ರವೈದ್ಯರಿಗೆ ತಕ್ಕುದಲ್ಲವೆಂಬ ಭಾವನೆಯು ಹಲವರಲ್ಲಿತ್ತು. ಅವರು ವಾದಕ್ಕೆ ನಿಲ್ಲದೆ ಲೆಕ್ಕವನ್ನು ಬರೆದಿಟ್ಟು, ಒಂದಾದಮೇಲೊಂದರಂತೆ ಮಾಡಿದ ೨೦೦ ಪರೀಕ್ಷೆಗಳ ಫಲವನ್ನು ೧೯೭೨ರಲ್ಲಿ ಪ್ರಕಟಿಸಿದರು. ಕಲಿಯಬೇಕೆಂಬವರು ಟೊರಾಂಟೋಗೆ ಬರತೊಡಗಿದರು. ೧೯೭೪ರಲ್ಲಿ ಈ ವಿದ್ಯೆಯ ಅಂತರರಾಷ್ಟ್ರೀಯ ಸಂಘವು ಫಿಲಡೆಲ್ಫಿಯ ನಗರದಲ್ಲಿ ಸ್ಥಾಪಿತವಾದಾಗ ಮೊದಲನೆಯ ಅಧ್ಯಕ್ಷಪೀಠವನ್ನು ವಾತನಾಬೆಯವರಿಗೇ ಕೊಟ್ಟರು.

ಇಲ್ಲಿ ಶಿಕ್ಷಣದ ಒಂದು ವಿಶೇಷವಾದ ತೊಡಕು ಇತ್ತು. ತೆರೆದ ಗಾಯದಲ್ಲಿ ಕೆಲಸಮಾಡುವಾಗ ಗುರುವಿಗೂ ಶಿಷ್ಯನಿಗೂ ಕಾಣುವುದು ಒಂದೇ. ನಳಿಗೆಯೊಳಗೆ ಒಂದೇ ಕಣ್ಣಿಗೆ ಸ್ಥಳ. ಗುರುವು ನೋಡುತ್ತಿರುವಾಗ ಶಿಷ್ಯನು ಕುರುಡ. ಶಿಷ್ಯನು ನೋಡುತ್ತಿರುವಾಗ ಗುರುವು ಕುರುಡ. ನಳಿಗೆಯ ತುದಿಗೆ ಟೆಲಿವಿಷನ್ ಕ್ಯಾಮೆರವನ್ನು ಜೋಡಿಸಿ ಪರದೆಯ ಮೇಲೆ ತೋರಿಸುವ ಕ್ರಮವು ಬಂದ ಮೇಲೆಯೇ ಈ ತೊಡಕು ಕಳೆಯಿತು. ಆದರೂ ಕಣ್ಣು ಪರದೆಯ ಮೇಲೆ, ಒಂದು ಕೈ ನಳಿಗೆಯ ಮೇಲೆ, ಇನ್ನೊಂದು ಕೈ ಬೇರೆ ರಂಧ್ರದಲ್ಲಿ ತೂರಿಸಿದ ಕತ್ತರಿಯ ಮೇಲೆ, ಹೀಗೆ ಮೂರನ್ನೂ ಹೊಂದಿಸುವುದು ಬಹಳ ಕಷ್ಟ. ಮೊದಮೊದಲು ಈ ಕೈಗಳು ತಡವರಿಸದೆ ಇರಲಾರವು. ತಡವರಿಕೆಯು ರೋಗಿಯ ಮೊಳಕಾಲಿನಲ್ಲಿಯೇ ನಡೆಯಬೇಕೇ ಎಂಬುದೇ ಪ್ರಶ್ನೆ.

ನಮ್ಮ ಸುಶ್ರುತಾಚಾರ್ಯರು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿಕೊಂಡಿದ್ದರು. ಸುಶ್ರುತಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಈ ಅಭ್ಯಾಸಕ್ಕೇ ಮೀಸಲಾಗಿದೆ. ಶಾಸ್ತ್ರವನ್ನು ಎಷ್ಟು ಓದಿದ್ದರೂ ಕೈಯಿಂದ ಅಭ್ಯಾಸಮಾಡದವನು ಕ್ರಿಯೆಗೆ ಯೋಗ್ಯನಲ್ಲವೆಂದು ಹೇಳಿ, ಕೊಯ್ಯುವುದನ್ನು ಕುಂಬಳ ಸೋರೆ ಸೌತೆ ಮೊದಲಾದ ಕಾಯಿಗಳಲ್ಲಿಯೂ, ಕೆರೆಯುವುದನ್ನು ಕೂದಲಿರುವ ತೊಗಲಿನ ಮೇಲೆಯೂ, ಸಿರೆಯನ್ನು ಭೇದಿಸುವುದನ್ನು ಸತ್ತ ಪ್ರಾಣಿಗಳ ಸಿರೆಗಳಲ್ಲಿಯೂ ಕಮಲದ ದಂಟಿನಲ್ಲಿಯೂ, ಪಟ್ಟಿ ಕಟ್ಟುವುದನ್ನು ಬೊಂಬೆಯ ಅವಯವಗಳ ಮೇಲೆಯೂ ಶಿಷ್ಯನಿಂದ ಮಾಡಿಸಬೇಕೆಂದು ಅವರು ವಿಧಿಸಿದ್ದಾರೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನ ವೈದ್ಯರು ೨೦೦೮ರಲ್ಲಿ ಇದೇ ತತ್ತ್ವವನ್ನು ಈ ಕಾಲದ ಕ್ರಮದಿಂದ ಪರೀಕ್ಷಿಸಿದರು. ೨೦ ಮಂದಿ ಕಿರಿಯ ವೈದ್ಯರನ್ನು ಚೀಟಿ ಎತ್ತಿದಂತೆ ಎರಡು ಪಾಲುಮಾಡಿ, ಒಂದು ಪಾಲಿನವರಿಗೆ ಕೃತಕವಾದ ಮೊಳಕಾಲಿನ ಮೇಲೆ ಸಂಧಿದರ್ಶಕದ ಅಭ್ಯಾಸವನ್ನು ಮಾಡಿಸಿದರು. ಅನಂತರ ಎಲ್ಲರೂ ನಿಜವಾದ ಶಸ್ತ್ರಕ್ರಿಯೆಯಲ್ಲಿ ಕೈಯಿಟ್ಟಾಗ, ಯಾರು ಅಭ್ಯಾಸಮಾಡಿದವರೆಂಬುದನ್ನು ತಿಳಿಯದ ಪರೀಕ್ಷಕರು ಅಂಕಗಳನ್ನು ಕೊಟ್ಟರು. ಅಭ್ಯಾಸಮಾಡಿದವರ ಕೈಯೇ ಮೇಲಾಗಿತ್ತು.

೮

ಚರಿತ್ರೆಯು ಇಲ್ಲಿಗೆ ಮುಗಿದಿದ್ದರೆ ಅದು ಸುಖಾಂತವಾದ ಕಥೆಯಾಗುತ್ತಿತ್ತು. ಆದರೆ ಹಳೆಯ ತಪ್ಪು ಹೊಸ ವೇಷದಲ್ಲಿ ಮತ್ತೆ ಬಂದಿತು. ಕೊಯ್ತವು ಚಿಕ್ಕದು, ನೋವು ಕಡಮೆ, ಮನೆಗೆ ಹೋಗುವುದು ಬೇಗ ಎಂದಾದ ಮೇಲೆ, ಸಂಧಿದರ್ಶಕವು ಹರಿದ ಮೆತ್ತೆಯ ತರುಣರಿಗೆ ಮಾತ್ರವಲ್ಲದೆ, ವಯಸ್ಸಿನಿಂದ ಸವೆದ ಮೊಳಕಾಲಿನ ಹಿರಿಯರಿಗೂ ಲಕ್ಷಗಟ್ಟಲೆಯಾಗಿ ಬಳಕೆಗೆ ಬಂದಿತು. ಕೀಲನ್ನು ತೊಳೆದು, ಒರಟಾದ ಭಾಗಗಳನ್ನು ಕೆರೆದು ನಯಗೊಳಿಸಿದರೆ ನೋವು ಇಳಿಯುವುದೆಂದು ವೈದ್ಯರು ನಂಬಿದರು. ರೋಗಿಗಳೂ ಇಳಿಯಿತೆಂದೇ ಹೇಳಿದರು. ವೈದ್ಯರು ಕಣ್ಣಾರೆ ಕಂಡರು, ಶಿಷ್ಯರೂ ಕಂಡರು.

ಅಮೇರಿಕದ ಹ್ಯೂಸ್ಟನ್ ನಗರದಲ್ಲಿ, ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ, ಬ್ರೂಸ್ ಮೋಸ್ಲಿ ಎಂಬ ಶಸ್ತ್ರವೈದ್ಯರು ಇದನ್ನು ಪರೀಕ್ಷೆಗೆ ಒಡ್ಡಿದರು. ತಮ್ಮದೇ ಕೈಕೆಲಸವನ್ನು ತಾವೇ ಸಂಶಯಿಸಿ ನೋಡುವ ಧೈರ್ಯವು ಸಾಮಾನ್ಯವಾದುದಲ್ಲ. ಒಪ್ಪಿಗೆ ಕೊಟ್ಟ ೧೮೦ ರೋಗಿಗಳನ್ನು ಮೂರು ಪಾಲುಮಾಡಿದರು. ಒಂದು ಪಾಲಿನವರ ಕೀಲನ್ನು ಕೆರೆದು ನಯಗೊಳಿಸಿದರು. ಇನ್ನೊಂದು ಪಾಲಿನವರ ಕೀಲನ್ನು ತೊಳೆದರು. ಮೂರನೆಯ ಪಾಲಿನವರಿಗೆ ಚರ್ಮದ ಮೇಲೆ ಕೊಯ್ತಗಳನ್ನು ಮಾತ್ರ ಮಾಡಿ, ನೀರಿನ ಸದ್ದು, ಉಪಕರಣಗಳನ್ನು ಕೇಳುವ ಮಾತು, ಕಾಲನ್ನು ತಿರುಗಿಸುವ ಕ್ರಮ ಎಲ್ಲವನ್ನೂ ನಿಜದಂತೆಯೇ ನಡೆಸಿ, ಕೀಲಿನೊಳಗೆ ಏನನ್ನೂ ಮಾಡದೆ ಮುಚ್ಚಿದರು. ಯಾರಿಗೆ ಏನಾಯಿತೆಂಬುದು ರೋಗಿಗೆ ತ���ಳಿಯದು. ಎರಡು ವರ್ಷಗಳವರೆಗೆ ವಿಚಾರಿಸುತ್ತ ಬಂದರು. ಕಪಟ ಶಸ್ತ್ರಕ್ರಿಯೆಯಾದವರಿಗಿಂತ ನಿಜವಾದ ಶಸ್ತ್ರಕ್ರಿಯೆಯಾದವರಿಗೆ ನೋವು ಕಡಮೆಯಾಗಲಿಲ್ಲ, ನಡಿಗೆಯು ಉತ್ತಮವಾಗಲಿಲ್ಲ. ಈ ಫಲವು ೨೦೦೨ರಲ್ಲಿ ಪ್ರಕಟವಾಯಿತು.

ಅದನ್ನು ಒಪ್ಪದವರು, ಸವೆದ ಕೀಲಿನ ಮಾತು ಹಾಗಿರಲಿ, ಹರಿದ ಮೆತ್ತೆಯ ಮಾತು ಬೇರೆ ಎಂದರು. ಆಗ ಫಿನ್ಲೆಂಡಿನ ಐದು ಆಸ್ಪತ್ರೆಗಳ ವೈದ್ಯರು ಕೂಡಿ, ೩೫ರಿಂದ ೬೫ ವರ್ಷ ವಯಸ್ಸಿನ ೧೪೬ ರೋಗಿಗಳಲ್ಲಿ, ಕೀಲು ಇನ್ನೂ ಸವೆಯದೆ ಮೆತ್ತೆಯು ಮಾತ್ರ ಕ್ರಮೇಣ ಜೀರ್ಣವಾಗಿ ಹರಿದಿದ್ದವರನ್ನೇ ಆರಿಸಿ, ಇದೇ ಕ್ರಮದಿಂದ ಪರೀಕ್ಷಿಸಿದರು. ೨೦೧೩ರಲ್ಲಿ ಅವರು ಪ್ರಕಟಿಸಿದ ಫಲವೂ ಅದೇ: ಒಂದು ವರ್ಷದ ಮೇಲೆ ಎರಡು ಪಾಲಿನವರಿಗೂ ಸುಖವು ಬಹುಮಟ್ಟಿಗೆ ಸಮನಾಗಿತ್ತು. ೨೦೧೭ರಲ್ಲಿ ಹಲವು ದೇಶಗಳ ತಜ್ಞರು ಸೇರಿ, ವಯಸ್ಸಿನಿಂದ ಜೀರ್ಣವಾದ ಮೊಳಕಾಲಿಗೆ ಸಂಧಿದರ್ಶಕದ ಶಸ್ತ್ರಕ್ರಿಯೆಯು ಹೆಚ್ಚುಕಡಿಮೆ ಯಾರಿಗೂ ಬೇಡವೆಂದು ಸಲಹೆಕೊಟ್ಟರು. ಆಟದಲ್ಲಿಯೋ ಅಪಘಾತದಲ್ಲಿಯೋ ಫಕ್ಕನೆ ಹರಿದು ಕೀಲಿನಲ್ಲಿ ಸಿಕ್ಕಿಕೊಂಡ ಮೆತ್ತೆಗೆ ಈ ಮಾತು ಅನ್ವಯಿಸುವುದಿಲ್ಲವೆಂಬುದನ್ನು ಮರೆಯಬಾರದು. ಅಲ್ಲಿ ಸಂಧಿದರ್ಶಕದ ಉಪಕಾರವು ದೊಡ್ಡದು. ಸಾಧ್ಯವಾದಲ್ಲಿ ಹೊಲಿದು ಉಳಿಸುವುದೇ ಉತ್ತಮವೆಂಬುದು ಈಗಿನ ಮತ. ಮೆತ್ತೆಯ ಹೊರ ಅಂಚಿನ ಸುಮಾರು ನಾಲ್ಕನೆಯ ಒಂದು ಪಾಲಿಗೆ ಮಾತ್ರ ರಕ್ತನಾಳಗಳಿವೆಯೆಂದು ೧೯೮೨ರಲ್ಲಿ ಆರ್ನೋಕ್ಜಿ ಮತ್ತು ವಾರೆನ್ ಎಂಬವರು ತೋರಿಸಿದ ಮೇಲೆ, ಎಲ್ಲಿ ಹೊಲಿದರೆ ಮಾಯುವುದೆಂಬುದೂ ನಿಷ್ಕರ್ಷೆಯಾಯಿತು.

೯

ಈ ಚರಿತ್ರೆಯನ್ನು ಓದಿದವರಿಗೆ ಗುರುಪರಂಪರೆಯಲ್ಲಿ ಅವಿಶ್ವಾಸವು ಹುಟ್ಟಬೇಕಾಗಿಲ್ಲ. ತಕಾಗಿಯವರ ಎಳೆಯನ್ನು ವಾತನಾಬೆಯವರು ಹಿಡಿಯದಿದ್ದರೆ, ವಾತನಾಬೆಯವರ ಬಳಿ ಜ್ಯಾಕ್ಸನ್ನರು ಕುಳಿತು ಕಲಿಯದಿದ್ದರೆ, ಸಂಧಿದರ್ಶಕವೂ ನಾರ್ಡೆಂಟೋಫ್ಟರ ನಳಿಗೆಯಂತೆ ಮರೆತುಹೋಗುತ್ತಿತ್ತು. ಕೈಯ ವಿದ್ಯೆಯು ಕೈಯಿಂದ ಕೈಗೇ ಹೋಗಬೇಕು, ಬೇರೆ ದಾರಿಯಿಲ್ಲ. ಆದರೆ ಅದೇ ದಾರಿಯಿಂದ ಬ್ಲಾಂಡ್-ಸಟನ್ನರ ಊಹೆಯೂ ಎರಡು ಮೂರು ತಲೆಮಾರುಗಳಿಗೆ ಇಳಿದುಬಂದಿತೆಂಬುದನ್ನು ನೆನಪಿನಲ್ಲಿಡಬೇಕು. ಶಿಷ್ಯನು ಗುರುವಿನ ಕೈಯನ್ನು ನೋಡಿ ಕಲಿಯುವುದರ ಜೊತೆಗೆ, ಗುರುವು ಕಳುಹಿಸಿಕೊಟ್ಟ ರೋಗಿಯು ಹದಿನಾಲ್ಕು ವರ್ಷಗಳ ಮೇಲೆ ಹೇಗೆ ನಡೆಯುತ್ತಿದ್ದಾನೆಂಬುದನ್ನೂ ಹೋಗಿ ನೋಡಬೇಕು. ಫೇರ್‌ಬ್ಯಾಂಕರು ಮಾಡಿದುದು ಇಷ್ಟೇ.

ನಮ್ಮ ಮನೆಗಳ ಹಿರಿಯರು ಮೊಳಕಾಲಿನ ನೋವಿಗಾಗಿ ವೈದ್ಯರ ಬಳಿಗೆ ಹೋದಾಗ, ಈ ಚಿಕಿತ್ಸೆಯಿಂದ ಆ ದಿನ ಏನಾಗುವುದೆಂಬುದನ್ನು ಮಾತ್ರ ಕೇಳದೆ, ಹತ್ತು ವರ್ಷಗಳ ಮೇಲೆ ಏನಾದುದನ್ನು ನೋಡಿದ್ದಾರೆಂಬುದನ್ನೂ ಕೇಳುವುದು ಒಳ್ಳೆಯದು. ಅದು ವೈದ್ಯರಿಗೆ ಅವಿನಯವಲ್ಲ. ಒಳ್ಳೆಯ ವೈದ್ಯರು ತಮ್ಮನ್ನು ತಾವೇ ಕೇಳಿಕೊಳ್ಳುತ್ತ ಬಂದಿರುವ ಪ್ರಶ್ನೆಯೂ ಅದೇ ಆಗಿದೆ.